ಚಿಕ್ಕ ಕಾರಿಗೆ ಬೇರೆ ಸೈಜಿನ ಟೈರ್: ಲೆಕ್ಕ ಹಾಕುವುದರಿಂದ ಹಾಕಿಸುವವರೆಗೆ

ನನ್ನ ಮೊದಲ ಕಾರಿಗೆ ಅಗಲದ ಟೈರ್ ಹಾಕಿಸಿದ ದಿನ ಅದರ ಸುತ್ತ ಮೂರು ಸಲ ನಡೆದು ನೋಡಿದ್ದೆ. ಸಣಕಲು ಟೈರುಗಳು ಹೋಗಿ, ಕಪ್ಪಗೆ ದಪ್ಪಗೆ ನೆಲಕ್ಕೆ ಒತ್ತಿ ಕೂತ ಹೊಸವು ಬಂದಿದ್ದವು. ನಾನೊಬ್ಬನೇ ಓಡಿಸಿದಾಗ ಏನೂ ತೊಂದರೆ ಇರಲಿಲ್ಲ. ವಾರದ ಕೊನೆಗೆ ಹಿಂದಿನ ಸೀಟಿನಲ್ಲಿ ಮೂವರು ಕೂತರು, ಡಿಕ್ಕಿ ತುಂಬ ಬ್ಯಾಗು. ಮೊದಲ ಹಂಪ್ ಇಳಿದದ್ದೇ ತಡ, ಹಿಂದಿನಿಂದ ಗರ್ರ್ ಅಂತ ಸದ್ದು. ಇಳಿದು ಬಗ್ಗಿ ನೋಡಿದೆ. ಮಡ್‌ಗಾರ್ಡಿನ ಒಳಗೆ ಮಡಚಿದ ತಗಡಿನ ಅಂಚು ಟೈರಿನ ಹೊರ ಮಗ್ಗುಲನ್ನು ಕೆರೆದು, ಸುತ್ತಲೂ ಒಂದು ಗೀರು ಎಳೆದಿತ್ತು. ಬೆರಳಿಟ್ಟರೆ ಬಿಸಿ. ಬೆರಳಿಗೆ ಪುಡಿಪುಡಿ ರಬ್ಬರ್ ಅಂಟಿಕೊಂಡು ಬಂತು.

"ಕೂತ್ಕೊಳ್ಳುತ್ತೆ, ಯೋಚನೆ ಮಾಡ್ಬೇಡಿ" ಅಂತ ಅಂಗಡಿಯವರು ಹೇಳಿದ್ದರು. ರಿಮ್ಮಿಗೆ ಕೂತಿತ್ತು, ಸುಳ್ಳಲ್ಲ. ಆದರೆ ಕಾರಿಗೆ ಹೊಂದಿರಲಿಲ್ಲ. ಕೂರುವುದಕ್ಕೂ ಹೊಂದುವುದಕ್ಕೂ ಇರುವ ವ್ಯತ್ಯಾಸವನ್ನು ದುಡ್ಡು ಕೊಡುವ ಮುಂಚೆಯೇ ಪತ್ತೆ ಹಚ್ಚುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಬೇಕಾಗುವುದು ಒಂದು ಟೇಪು, ಒಂದು ಚಾಕ್‌ಪೀಸು, ಮೊಬೈಲಿನ ಕ್ಯಾಲ್ಕುಲೇಟರ್. ಅಷ್ಟೇ.

ಹೆಜ್ಜೆ 1: ಯಾಕೆ ಬೇಕು ಅಂತ ಮೊದಲು ಕೇಳಿಕೊಳ್ಳಿ

ಇದನ್ನು ಯಾರೂ ಮಾಡುವುದಿಲ್ಲ. ನಾನೂ ಮಾಡಿರಲಿಲ್ಲ. ಆದರೆ ಕಾರಣ ಬದಲಾದರೆ ಉತ್ತರವೂ ಬದಲಾಗುತ್ತದೆ.

ಮಳೆಯಲ್ಲಿ ಕಾರು ಜಾರುತ್ತದೆ, ಬ್ರೇಕ್ ಹಿಡಿದರೆ ದೂರ ಹೋಗಿ ನಿಲ್ಲುತ್ತದೆ ಅನ್ನುವುದು ನಿಮ್ಮ ದೂರಾದರೆ, ಮೊದಲು ಅದೇ ಸೈಜಿನಲ್ಲಿ ಒಳ್ಳೆಯ ಟೈರ್ ನೋಡಿ. ರಬ್ಬರಿನ ಗುಣ ಮತ್ತು ಟ್ರೆಡ್ಡಿನ (ನೆಲಕ್ಕೆ ತಾಗುವ ರಬ್ಬರ್ ಪದರದ) ಗೀರುಗಳು ಮಾಡುವ ಕೆಲಸವನ್ನು ಬರೀ ಅಗಲ ಮಾಡುವುದಿಲ್ಲ. ನೀರು ನಿಂತ ರಸ್ತೆಯಲ್ಲಂತೂ ಅಗಲದ ಟೈರು ನೀರಿನ ಮೇಲೆ ತೇಲುವ ಸಾಧ್ಯತೆಯೇ ಜಾಸ್ತಿ. ಅದು ಪಕ್ಕಕ್ಕೆ ತಳ್ಳಬೇಕಾದ ನೀರೂ ಜಾಸ್ತಿ ಅಲ್ವಾ? ಹಿಮದಲ್ಲಿಯೂ ತೆಳ್ಳನೆಯ ಟೈರೇ ವಾಸಿ.

ಕಾರಿನ ಹೊಟ್ಟೆ ನೆಲಕ್ಕೆ ತಾಗುತ್ತದೆ, ಸ್ವಲ್ಪ ಎತ್ತರ ಬೇಕು ಅನ್ನುವವರು ಒಂದು ಲೆಕ್ಕ ನೆನಪಿಡಿ. ಟೈರಿನ ವ್ಯಾಸ 20 ಮಿ.ಮೀ. ಹೆಚ್ಚಿದರೆ ಕಾರು ಏಳುವುದು 10 ಮಿ.ಮೀ. ಮಾತ್ರ, ಯಾಕೆಂದರೆ ಉಳಿದ ಅರ್ಧ ಆಕ್ಸಲ್‌ಗಿಂತ ಮೇಲೆ ಇರುತ್ತದೆ. ಆ 10 ಮಿ.ಮೀ.ಗಾಗಿ ಗೇರು, ಬ್ರೇಕು, ಸ್ಪೀಡೋಮೀಟರ್ ಮೂರನ್ನೂ ಕೆಡಿಸಿಕೊಳ್ಳಬೇಕಾ ಅಂತ ಯೋಚಿಸಿ.

ಇನ್ನು ಕೆಲವರಿಗೆ ಬೇರೆ ದಾರಿಯೇ ಇರುವುದಿಲ್ಲ. 12 ಇಂಚು, 13 ಇಂಚಿನ ಹಳೇ ಸೈಜುಗಳಲ್ಲಿ ಆಯ್ಕೆ ಕಡಿಮೆ ಆಗುತ್ತಾ ಬಂದಿದೆ. ಇದು ನ್ಯಾಯವಾದ ಕಾರಣ. ನೋಡೋಕೆ ಚೆನ್ನಾಗಿರಬೇಕು ಅನ್ನುವುದೂ ಕಾರಣವೇ, ನಾಚಿಕೆ ಬೇಡ. ಚಂದಕ್ಕೆ ಎಷ್ಟು ಬೆಲೆ ಕೊಡುತ್ತಿದ್ದೇವೆ ಅಂತ ಗೊತ್ತಿದ್ದರೆ ಸಾಕು.

ಹೆಜ್ಜೆ 2: ಈಗಿರುವ ಸೈಜನ್ನು ಸರಿಯಾಗಿ ಓದಿ

ಟೈರಿನ ಪಕ್ಕದಲ್ಲಿ ಉಬ್ಬಿದ ಅಕ್ಷರಗಳಲ್ಲಿ ಹೀಗೆ ಬರೆದಿರುತ್ತದೆ: 165/80 ಆರ್ 14 85 ಟಿ. ಇದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಕೊನೆಯವರೆಗೂ ಹೋಗೋಣ.

165 ಅಂದರೆ ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ. ನೆಲಕ್ಕೆ ತಾಗುವ ಭಾಗದ ಅಗಲ ಇದಲ್ಲ, ಒಂದು ಪಕ್ಕದಿಂದ ಇನ್ನೊಂದು ಪಕ್ಕದವರೆಗಿನ ಅಗಲ. 80 ಅಂದರೆ ಸೈಡ್‌ವಾಲ್ ಎತ್ತರ, ಅಂದರೆ ರಿಮ್ಮಿನ ಅಂಚಿನಿಂದ ಟ್ರೆಡ್ಡಿನವರೆಗಿನ ಪಕ್ಕದ ಗೋಡೆಯ ಎತ್ತರ. ಇದು ಮಿ.ಮೀ. ಅಲ್ಲ, ಶೇಕಡ. 165ರಲ್ಲಿ ಶೇ. 80, ಅಂದರೆ 132 ಮಿ.ಮೀ. ಎಡವುವುದು ಇಲ್ಲೇ: 185/65 ಟೈರಿನ '65' ಚಿಕ್ಕದಾಗಿ ಕಂಡರೂ ಅದು 185ರ ಶೇ. 65, ಹಾಗಾಗಿ 120 ಮಿ.ಮೀ. ಎತ್ತರ ಇದ್ದೇ ಇರುತ್ತದೆ. 'ಆರ್' ಅಂದರೆ ರೇಡಿಯಲ್, ಟೈರಿನ ಒಳಗಿನ ದಾರಗಳನ್ನು ಅಡ್ಡಕ್ಕೆ ಜೋಡಿಸಿದ ಬಗೆ. 14 ರಿಮ್ಮಿನ ವ್ಯಾಸ, ಇದು ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿ.ಮೀ., ಶೇಕಡ, ಇಂಚು ಮೂರನ್ನೂ ಬೆರೆಸಿದ ಪುಣ್ಯಾತ್ಮ ಯಾರೋ!

ಕೊನೆಯ 85 ಭಾರದ ಸೂಚಿ, 'ಟಿ' ವೇಗದ ಸೂಚಿ. ಅವುಗಳ ಹತ್ತಿರ ಆಮೇಲೆ ಬರೋಣ.

ಸೆಕೆಂಡ್ ಹ್ಯಾಂಡ್ ಕಾರಾದರೆ ಟೈರಿನ ಮೇಲೆ ಬರೆದದ್ದನ್ನು ನಂಬಬೇಡಿ. ಹಿಂದಿನವರು ಆಗಲೇ ಬದಲಾಯಿಸಿರಬಹುದು. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕರ್ ಇರುತ್ತದೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗಿರುತ್ತದೆ, ಇಲ್ಲವಾದರೆ ಕಾರಿನ ಜೊತೆ ಬಂದ ಪುಸ್ತಕದಲ್ಲಿ. ಕಂಪನಿ ಒಪ್ಪಿದ ಸೈಜು ಮತ್ತು ಗಾಳಿಯ ಪ್ರೆಷರ್ ಎರಡೂ ಅಲ್ಲಿವೆ. ಫೋಟೋ ತೆಗೆದಿಟ್ಟುಕೊಳ್ಳಿ, ಬೇಕಾಗುತ್ತದೆ.

ಆ ಸ್ಟಿಕರಿನಲ್ಲಿ ಎರಡು ಮೂರು ಸೈಜು ಬರೆದಿದ್ದರೆ ನಿಮ್ಮ ಅದೃಷ್ಟ. ಅದೇ ಕಾರಿನ ಮೇಲಿನ ಮಾಡೆಲ್‌ಗೆ ಕಂಪನಿಯೇ ದೊಡ್ಡ ಟೈರ್ ಹಾಕುತ್ತಿದ್ದರೆ ಅದು ಎಲ್ಲಕ್ಕಿಂತ ಒಳ್ಳೆಯ ಆಯ್ಕೆ. ಅದನ್ನು ಕಂಪನಿಯವರು ಭಾರ ಹೇರಿ, ಸ್ಟೀರಿಂಗ್ ತಿರುಗಿಸಿ, ಬ್ರೇಕ್ ಹಿಡಿದು ಪರೀಕ್ಷೆ ಮಾಡಿರುತ್ತಾರೆ. ಆಗ ಮುಂದಿನ ಅರ್ಧ ಕೆಲಸ ಉಳಿಯಿತು. ಸಸ್ಪೆನ್ಷನ್, ಬ್ರೇಕ್ ಎರಡೂ ಮಾಡೆಲ್‌ಗಳಲ್ಲಿ ಒಂದೇನಾ ಅಂತ ಮಾತ್ರ ಕೇಳಿ.

ಹೆಜ್ಜೆ 3: ಹೊರ ವ್ಯಾಸದ ಲೆಕ್ಕ

ಇಡೀ ಕೆಲಸದ ಬೆನ್ನೆಲುಬು ಇದು. ಟೈರು ಅಗಲ ಆಗಲಿ, ರಿಮ್ಮು ದೊಡ್ಡದಾಗಲಿ, ನೆಲದಿಂದ ನೆತ್ತಿಯವರೆಗಿನ ಒಟ್ಟು ಎತ್ತರ ಹೆಚ್ಚು ಕಡಿಮೆ ಹಾಗೇ ಇರಬೇಕು. ಗೇರು, ಸ್ಪೀಡೋಮೀಟರ್, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎಲ್ಲವನ್ನೂ ಆ ಒಂದು ಅಳತೆ ನಂಬಿಕೊಂಡು ಕಟ್ಟಿರುತ್ತಾರೆ.

ಲೆಕ್ಕ ಸುಲಭ. ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ. ಸೈಡ್‌ವಾಲ್ ಎತ್ತರವನ್ನು ಎರಡು ಸಲ ಕೂಡಿಸಿ, ಮೇಲೊಂದು ಕೆಳಗೊಂದು ಇರುತ್ತದಲ್ಲ. ನಮ್ಮ ಟೈರಿಗೆ 14 × 25.4 ಅಂದರೆ 355.6. ಅದಕ್ಕೆ 132 ಎರಡು ಸಲ. ಒಟ್ಟು 619.6 ಮಿ.ಮೀ. ಈ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 514 ಸುತ್ತು ತಿರುಗುತ್ತದೆ.

ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಬೇರೆ ಸೈಜುಗಳನ್ನು ಅದರ ಪಕ್ಕ ಇಡೋಣ:

175/70 ಆರ್ 14 – 600.6 ಮಿ.ಮೀ., ಶೇ. 3.1 ಚಿಕ್ಕದು
185/70 ಆರ್ 14 – 614.6 ಮಿ.ಮೀ., ಶೇ. 0.8 ಚಿಕ್ಕದು
175/65 ಆರ್ 15 – 608.5 ಮಿ.ಮೀ., ಶೇ. 1.8 ಚಿಕ್ಕದು
185/65 ಆರ್ 15 – 621.5 ಮಿ.ಮೀ., ಶೇ. 0.3 ದೊಡ್ಡದು
195/55 ಆರ್ 16 – 620.9 ಮಿ.ಮೀ., ಶೇ. 0.2 ದೊಡ್ಡದು

ಮೊದಲ ಸಾಲು ನೋಡಿ. 165ರಿಂದ 175ಕ್ಕೆ ಹೋಗುವುದು ಬರೀ ಒಂದು ಮೆಟ್ಟಿಲು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ 80 ಹೋಗಿ 70 ಬಂದಿರುವುದರಿಂದ ಚಕ್ರ 19 ಮಿ.ಮೀ. ಕುಗ್ಗಿತು. ಕಿಲೋಮೀಟರಿಗೆ 16 ಸುತ್ತು ಜಾಸ್ತಿ ತಿರುಗಬೇಕು. ಕಾರೂ ಸುಮಾರು 9 ಮಿ.ಮೀ. ಕೆಳಗಿಳಿಯಿತು. ಎರಡು ಮೆಟ್ಟಿಲು ಹತ್ತಿದ 185/70 ಅದಕ್ಕಿಂತ ಮೂಲ ಅಳತೆಗೆ ಹತ್ತಿರ ಇದೆ. ಅಂದಾಜಿನಲ್ಲಿ ಹೋದರೆ ಇದು ಹೊಳೆಯುವುದೇ ಇಲ್ಲ.

ಎಷ್ಟು ವ್ಯತ್ಯಾಸ ಆದರೆ ಪರವಾಗಿಲ್ಲ? ಶೇ. 3ರವರೆಗೆ ಅಂತ ಹಲವರು ಹೇಳುತ್ತಾರೆ. ನಾನು ಶೇ. 2ಕ್ಕೆ ನಿಲ್ಲಿಸುತ್ತೇನೆ, ಅದಕ್ಕೊಂದು ಕಾರಣ ಇದೆ. ಹೊಸ ಟೈರಿನ ಟ್ರೆಡ್ ಸುಮಾರು 8 ಮಿ.ಮೀ. ಆಳ ಇರುತ್ತದೆ. ಸವೆದು 1.6 ಮಿ.ಮೀ.ಗೆ ಬಂದಾಗ ಬದಲಾಯಿಸಲೇಬೇಕು ಅಂತ ಟ್ರೆಡ್ ನಡುವಿನ ಗುರುತು ಹೇಳುತ್ತದೆ. ಅಷ್ಟು ಹೊತ್ತಿಗೆ ವ್ಯಾಸ 12.8 ಮಿ.ಮೀ. ಕಡಿಮೆ ಆಗಿರುತ್ತದೆ. 620ರಲ್ಲಿ ಅದು ಶೇ. 2. ಅಂದರೆ ಅಷ್ಟು ಏರುಪೇರನ್ನು ನಿಮ್ಮ ಕಾರು ಹೇಗೂ ಜೀವಮಾನವಿಡೀ ಸಹಿಸಿಕೊಳ್ಳುತ್ತದೆ. ಅದರಾಚೆ ಹೋದರೆ ಹೊಸ ಪ್ರದೇಶ.

ದೊಡ್ಡದರ ಕಡೆಗಿಂತ ಚಿಕ್ಕದರ ಕಡೆಗೆ ತಪ್ಪುವುದು ಸ್ಪೀಡೋಮೀಟರಿಗೆ ಒಳ್ಳೆಯದು. ಟೈರ್ ಶೇ. 3 ದೊಡ್ಡದಾದರೆ ಮುಳ್ಳು 100 ತೋರಿಸುವಾಗ, ಅದು ಮೊದಲು ನಿಖರವಾಗಿತ್ತು ಅಂದುಕೊಂಡರೆ, ನೀವು 103ರಲ್ಲಿ ಇರುತ್ತೀರಿ. ಕಂಪನಿಯವರು ಮುಳ್ಳನ್ನು ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸುವ ಹಾಗೆ ಇಟ್ಟಿರುತ್ತಾರೆ, ಅದರಲ್ಲಿ ಒಂದಿಷ್ಟು ಮುಚ್ಚಿಹೋಗುತ್ತದೆ. ಆದರೆ ವಿಶ್ವಸಂಸ್ಥೆಯ 39ನೇ ವಾಹನ ನಿಯಮ ಹೇಳುವುದು ಸ್ಪೀಡೋಮೀಟರ್ ಎಂದೂ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಅಂತ. ದೊಡ್ಡ ಟೈರ್ ಆ ಗಡಿಯನ್ನು ತಿನ್ನುತ್ತದೆ.

ನಿಮ್ಮದು 155/80 ಆರ್ 13 ಆದರೆ ವ್ಯಾಸ 578.2. ಅದೇ ರಿಮ್ಮಿಗೆ 175/70 ಆರ್ 13 ಇಟ್ಟರೆ 575.2, ತುಂಬ ಹತ್ತಿರ. 14 ಇಂಚಿಗೆ ಹೋಗುವುದಾದರೆ 165/65 ಕೊಡುವುದು 570.1. ಎರಡೂ ಶೇ. 2ರ ಒಳಗೇ ಇವೆ.

ಹೆಜ್ಜೆ 4: ಭಾರ ಹೊರುತ್ತದಾ?

ಎಲ್ಲರೂ ವ್ಯಾಸ ನೋಡಿ ಖುಷಿಯಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಅಪಾಯ ಇರುವುದು ಈ ಎರಡು ಅಂಕಿಯಲ್ಲಿ.

85 ಅಂದರೆ ಒಂದು ಟೈರು 515 ಕೆ.ಜಿ. ಹೊರಬಲ್ಲದು. 84 ಅಂದರೆ 500, 87 ಅಂದರೆ 545, 88 ಅಂದರೆ 560 ಕೆ.ಜಿ. ಹೊಸ ಟೈರಿನ ಅಂಕಿ ಕಂಪನಿ ಕೊಟ್ಟದ್ದಕ್ಕೆ ಸಮ ಇರಬೇಕು, ಇಲ್ಲವೇ ಜಾಸ್ತಿ. ಕಡಿಮೆ ಇರಕೂಡದು, ಒಂದೇ ಒಂದು ಅಂಕಿ ಕೂಡ.

ಈಗ ಆ ಐದು ಸೈಜುಗಳ ಕಡೆಗೆ ತಿರುಗಿ ನೋಡಿ. 175/65 ಆರ್ 15 ವ್ಯಾಸದಲ್ಲಿ ಪಾಸಾಗಿತ್ತು. ಆದರೆ ಸಾಮಾನ್ಯ ಟೈರಿನ ಮೇಲೆ ಬರೆದಿರುವುದು 84. ನಮ್ಮ ಕಾರಿಗೆ ಬೇಕಾದದ್ದು 85. ಅಗಲ ಜಾಸ್ತಿ ಆಗಿ, ರಿಮ್ ದೊಡ್ಡದಾಗಿ, ಭಾರ ಹೊರುವ ಶಕ್ತಿ ಮಾತ್ರ ಇಳಿದಿದೆ! ಸೈಡ್‌ವಾಲ್ ಗಿಡ್ಡ ಆದಾಗ ಒಳಗೆ ಹಿಡಿಯುವ ಗಾಳಿಯೂ ಕಡಿಮೆ ಆಗುತ್ತದೆ, ಭಾರ ಹೊರುವುದು ರಬ್ಬರಿಗಿಂತ ಹೆಚ್ಚಾಗಿ ಆ ಗಾಳಿಯೇ. ಇದೇ ಸೈಜು 'ಎಕ್ಸ್‌ಎಲ್' ಅಂತ ಬರೆದ ಗಟ್ಟಿ ಮಾದರಿಯಲ್ಲಿ 88 ಇರುತ್ತದೆ. ಅದನ್ನು ಹಾಕಬಹುದು, ಆದರೆ ಗಾಳಿಯ ವಿಷಯದಲ್ಲಿ ಒಂದು ತಕರಾರಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

175/70 ಆರ್ 14 ಕೂಡ 84. ಅದು ವ್ಯಾಸದಲ್ಲೂ ಬಿತ್ತು, ಭಾರದಲ್ಲೂ ಬಿತ್ತು. ಬಿಟ್ಟುಬಿಡಿ. 185/70 ಆರ್ 14 ಮತ್ತು 185/65 ಆರ್ 15 ಎರಡೂ 88. 195/55 ಆರ್ 16 ಟೈರಿಗೆ 87.

ವೇಗದ ಅಕ್ಷರ ಬೇಗ ಮುಗಿಸೋಣ. ಎಸ್ ಅಂದರೆ ಗಂಟೆಗೆ 180 ಕಿ.ಮೀ., ಟಿ ಅಂದರೆ 190, ಎಚ್ ಅಂದರೆ 210, ವಿ ಅಂದರೆ 240. ಅಷ್ಟು ವೇಗದಲ್ಲಿ ಯಾರು ಹೋಗುತ್ತಾರೆ ಅಂತ ಕೇಳಬೇಡಿ, ಬಿಸಿ ತಡೆಯುವ ಶಕ್ತಿಯೂ ಅದರ ಜೊತೆಗೇ ಬರುತ್ತದೆ. ಇಲ್ಲೂ ಅದೇ ನಿಯಮ: ಸಮ ಅಥವಾ ಜಾಸ್ತಿ.

ಹೆಜ್ಜೆ 5: ರಿಮ್ಮು ಒಪ್ಪುತ್ತದಾ?

ರಿಮ್ಮಿಗೆ ವ್ಯಾಸದ ಹಾಗೇ ಅಗಲವೂ ಇದೆ. 5 ಜೆ, 5.5 ಜೆ ಅಂತ (ಅಂಕಿ ಇಂಚಿನಲ್ಲಿ, 'ಜೆ' ರಿಮ್ಮಿನ ಅಂಚಿನ ಆಕಾರ) ರಿಮ್ಮಿನ ಹಿಂಬದಿಯಲ್ಲಿ ಅಥವಾ ಕಡ್ಡಿಯ ಹತ್ತಿರ ಅಚ್ಚು ಹಾಕಿರುತ್ತಾರೆ. ಪ್ರತಿ ಟೈರಿಗೂ ಇಂತಿಷ್ಟು ಅಗಲದ ರಿಮ್ ಅಂತ ಒಂದು ಮಿತಿ ಇದೆ. 185/70 ಟೈರಿಗೆ 4.5ರಿಂದ 6 ಇಂಚು, 185/65 ಟೈರಿಗೆ 5ರಿಂದ 6.5, 195/55 ಟೈರಿಗೆ 5.5ರಿಂದ 7.

ಚಿಕ್ಕ ಕಾರುಗಳ ಕಬ್ಬಿಣದ ರಿಮ್ಮು ಹಲವು ಸಲ 5 ಇಂಚಿನದ್ದು. ಅಂಥ ರಿಮ್ಮಿಗೆ 185/70 ಧಾರಾಳವಾಗಿ ಹೊಂದುತ್ತದೆ. ಹೊಸ ರಿಮ್ ಕೊಳ್ಳುವ ಖರ್ಚಿಲ್ಲ, ವ್ಯಾಸ ಸರಿ ಇದೆ, ಭಾರದ ಅಂಕಿ ಮೇಲಿದೆ, ಸೈಡ್‌ವಾಲ್ 129.5 ಮಿ.ಮೀ. ಇರುವುದರಿಂದ ಗುಂಡಿಗೂ ಹೆದರಬೇಕಿಲ್ಲ. ನನ್ನನ್ನು ಕೇಳಿದರೆ ಈ ಉದಾಹರಣೆಯಲ್ಲಿ ಗೆದ್ದದ್ದು ಇದೇ. ಚಂದ ಸ್ವಲ್ಪ ಕಡಿಮೆ, ನಿಜ.

ರಿಮ್ಮನ್ನೇ ಬದಲಾಯಿಸುವುದಾದರೆ ನಾಲ್ಕು ಅಳತೆ ಹೊಂದಬೇಕು. ಒಂದು, ನಟ್ಟುಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ವ್ಯಾಸ, ಅದಕ್ಕೆ ಪಿಸಿಡಿ ಅನ್ನುತ್ತಾರೆ. ಚಿಕ್ಕ ಕಾರುಗಳಲ್ಲಿ 4×100 ತುಂಬ ಸಾಮಾನ್ಯ. 4×98 ಕೂಡ ಇದೆ. 2 ಮಿ.ಮೀ. ತಾನೇ ಅಂತ ಒತ್ತಾಯ ಮಾಡಿ ಕೂರಿಸಿದರೆ ನಟ್ಟು ಓರೆಯಾಗಿ ಕೂತು ಸ್ಟಡ್ (ನಟ್ಟು ಬಿಗಿಯುವ ಬೋಲ್ಟು) ಮುರಿಯುತ್ತದೆ. ಎರಡು, ನಡುವಿನ ತೂತು. ಹಬ್ ಅಂದರೆ ರಿಮ್ ಕೂರುವ, ಕಾರಿನ ಕಡೆಯ ನಡುಭಾಗ. ತೂತು ಅದಕ್ಕಿಂತ ಚಿಕ್ಕದಾದರೆ ರಿಮ್ ಒಳಗೇ ಹೋಗುವುದಿಲ್ಲ. ದೊಡ್ಡದಾದರೆ ಅಳತೆಗೆ ತಕ್ಕ ರಿಂಗ್ ಹಾಕಬೇಕು, ಇಲ್ಲದಿದ್ದರೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ, ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ. ಮೂರು, ನಟ್ಟುಗಳು. ಕಬ್ಬಿಣದ ರಿಮ್ಮಿನ ನಟ್ಟು ಅಲಾಯ್ ರಿಮ್ಮಿಗೆ ಹೊಂದಬೇಕೆಂದಿಲ್ಲ. ಕೂರುವ ಜಾಗ ಕೆಲವಕ್ಕೆ ಇಳಿಜಾರು, ಕೆಲವಕ್ಕೆ ಗುಂಡಗೆ. ಕೈಯಿಂದ ತಿರುಗಿಸಿ ಸುತ್ತು ಎಣಿಸಿ. ಹಳೇ ರಿಮ್ಮಿಗೆ ಹೋಗುತ್ತಿದ್ದಕ್ಕಿಂತ ತುಂಬ ಕಡಿಮೆ ಸುತ್ತಿಗೇ ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ.

ನಾಲ್ಕನೆಯದು ಆಫ್‌ಸೆಟ್. ನನ್ನ ಕಾರಿನ ಗರ್ರ್ ಸದ್ದಿನ ಮೂಲ ಇಲ್ಲೇ ಇತ್ತು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ರಿಮ್ಮು ಹಬ್ಬಿಗೆ ತಾಗುವ ಮುಖ, ರಿಮ್ಮಿನ ಸರಿಯಾದ ಮಧ್ಯದಿಂದ ಎಷ್ಟು ಹೊರಗಿದೆ ಅನ್ನುವುದೇ ಆಫ್‌ಸೆಟ್. 'ಇಟಿ 45' ಅಂತ ಬರೆದಿದ್ದರೆ 45 ಮಿ.ಮೀ. ಈ ಅಂಕಿ ಕಡಿಮೆ ಆದಷ್ಟೂ ಚಕ್ರ ಹೊರಗೆ ಚಾಚುತ್ತದೆ. ನನ್ನ ಕಾರಿನ ಹಳೇ ರಿಮ್ 5 ಇಂಚು, ಇಟಿ 45. ಹೊಸದು 6 ಇಂಚು, ಇಟಿ 40. ಒಂದು ಇಂಚು ಅಗಲ ಆದದ್ದರಿಂದ ಎರಡೂ ಕಡೆಗೆ 12.7 ಮಿ.ಮೀ. ಹಂಚಿಕೆ ಆಯಿತು. ಆಫ್‌ಸೆಟ್ 5 ಇಳಿದದ್ದರಿಂದ ಇಡೀ ಚಕ್ರ 5 ಮಿ.ಮೀ. ಹೊರಕ್ಕೆ ಸರಿಯಿತು. ಅಂದರೆ ಹೊರಗಡೆ 17.7 ಮಿ.ಮೀ. ಚಾಚಿತು, ಒಳಗಡೆ 7.7 ಮಿ.ಮೀ. ಒತ್ತಿತು. ಮಡ್‌ಗಾರ್ಡಿನ ಅಂಚಿಗೂ ಹಳೇ ಟೈರಿಗೂ ನಡುವೆ ಎರಡು ಬೆರಳು ಜಾಗ ಇತ್ತು ಅಷ್ಟೇ. ಅದರಲ್ಲಿ ಒಂದು ಬೆರಳನ್ನು ನಾನೇ ತಿಂದು ಹಾಕಿದ್ದೆ. ಈ ಲೆಕ್ಕ ಮಾಡೋಕೆ ಎರಡು ನಿಮಿಷ ಸಾಕಿತ್ತು.

ಹೆಜ್ಜೆ 6: ಜಾಗ ಅಳೆಯಿರಿ, ಖಾಲಿ ಕಾರಿನಲ್ಲಿ ಅಲ್ಲ

ಹಿಂದಿನ ಸೀಟು ತುಂಬ ಜನ ಕೂರಿಸಿ, ಡಿಕ್ಕಿಗೆ ಭಾರ ಹಾಕಿ. ಆಗ ಹಿಂದಿನ ಚಕ್ರದ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ ಎಷ್ಟು ಜಾಗ ಉಳಿಯುತ್ತದೆ ನೋಡಿ. ಹಂಪಿನಲ್ಲಿ ಅದು ಇನ್ನೂ ಕುಗ್ಗುತ್ತದೆ ಅನ್ನುವುದು ನೆನಪಿರಲಿ.

ಮುಂದಿನ ಚಕ್ರಕ್ಕೆ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ ನೋಡಬೇಕು. ಟೈರಿನ ಮುಂದಿನ ಮೂಲೆ ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಎಷ್ಟು ಹತ್ತಿರ ಬರುತ್ತದೆ? ಹಿಂದಿನ ಮೂಲೆ? ಇನ್ನು ಯಾರೂ ನೋಡದ ಜಾಗವೊಂದಿದೆ: ಒಳಗಡೆ ಶಾಕ್ ಅಬ್ಸಾರ್ಬರಿನ ಮೇಲೆ ಸ್ಪ್ರಿಂಗ್ ಕೂರುವ ತಟ್ಟೆ. ಟೈರಿನ ನೆತ್ತಿಗೂ ಆ ತಟ್ಟೆಗೂ ನಡುವೆ ಕೈ ತೂರಿಸಿ ನೋಡಿ. ಕೆಲವು ಚಿಕ್ಕ ಕಾರುಗಳಲ್ಲಿ ಅಲ್ಲಿ ಒಂದು ಬೆರಳು ಮಾತ್ರ ಹೋಗುತ್ತದೆ. ವ್ಯಾಸ 15 ಮಿ.ಮೀ. ಹೆಚ್ಚಿದರೆ ಅಲ್ಲಿಂದ 7.5 ಮಿ.ಮೀ. ಹೋಯಿತು.

ಬರೆದ ಅಗಲವನ್ನೇ ಪೂರ್ತಿ ನಂಬಬೇಡಿ. ಎರಡು ಕಂಪನಿಗಳ 185 ಟೈರುಗಳು ಅಳತೆಯಲ್ಲಿ ಕೆಲವು ಮಿ.ಮೀ. ಹೆಚ್ಚು ಕಡಿಮೆ ಇರುತ್ತವೆ. ಜೊತೆಗೆ ರಿಮ್ ಅರ್ಧ ಇಂಚು ಅಗಲವಾದರೆ ಟೈರು ಸುಮಾರು 5 ಮಿ.ಮೀ. ಉಬ್ಬುತ್ತದೆ.

ರಿಮ್ ಚಿಕ್ಕದು ಮಾಡುವವರಿಗೆ ಬೇರೆ ಚಿಂತೆ. 15ರಿಂದ 14ಕ್ಕೆ ಇಳಿದರೆ ಬ್ರೇಕಿನ ಕ್ಯಾಲಿಪರ್ (ಡಿಸ್ಕನ್ನು ಹಿಡಿದು ನಿಲ್ಲಿಸುವ ಭಾಗ) ರಿಮ್ಮಿನ ಒಳಗೆ ತಾಗಬಹುದು. ಒಂದು ಖಾಲಿ ರಿಮ್ ಹಾಕಿ, ಕೈಯಿಂದ ಪೂರ್ತಿ ಸುತ್ತು ತಿರುಗಿಸಿ ನೋಡಿದ ಮೇಲೆಯೇ ದುಡ್ಡು ಕೊಡಿ.

ಹೆಜ್ಜೆ 7: ಏನು ಕಳೆದುಕೊಳ್ಳುತ್ತೀರಿ ಅಂತ ಬರೆದಿಟ್ಟುಕೊಳ್ಳಿ

ಚಿಕ್ಕ ಎಂಜಿನ್ನಿಗೆ ಪ್ರತಿ ಕಿಲೋ ಲೆಕ್ಕಕ್ಕೆ ಬರುತ್ತದೆ, ಅದರಲ್ಲೂ ಚಕ್ರದ ಭಾರ. ಆ ಭಾರವನ್ನು ಬರೀ ಹೊತ್ತೊಯ್ದರೆ ಸಾಲದು, ತಿರುಗಿಸಲೂ ಬೇಕು, ಬ್ರೇಕ್ ಹಿಡಿದು ನಿಲ್ಲಿಸಲೂ ಬೇಕು. ಅಲಾಯ್ ಅಂದರೆ ಹಗುರ ಅನ್ನುವುದು ಎಲ್ಲಾ ಸಲವೂ ನಿಜವಲ್ಲ. 16 ಇಂಚಿನ ಅಲಾಯ್ 14 ಇಂಚಿನ ಕಬ್ಬಿಣದ ರಿಮ್ಮಿಗಿಂತ ಭಾರ ಇರಬಹುದು. ಮನೆಯಲ್ಲಿ ತೂಕ ನೋಡುವ ಮಷಿನ್ ಇದ್ದರೆ ಸ್ಟೆಪ್ನಿಯನ್ನು ಅದರ ಮೇಲೆ ಇಟ್ಟು ನೋಡಿ. ಹೊಸ ಚಕ್ರವನ್ನೂ ತೂಗಿಸಿ. ಅಂಗಡಿಯವರು ನಗಬಹುದು, ನಗಲಿ.

ಅಗಲದ ಟೈರಿಗೆ ಉರುಳುವಾಗ ತಡೆ ಸಾಮಾನ್ಯವಾಗಿ ಜಾಸ್ತಿ, ಮೈಲೇಜ್ ಇಳಿಯುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಕಾರನ್ನು ಪಾರ್ಕ್ ಮಾಡುವಾಗ ತೋಳು ನೋಯುತ್ತದೆ. ರಸ್ತೆಯ ಉದ್ದುದ್ದ ಜಾಡು ಸಿಕ್ಕರೆ ಕಾರು ಅದನ್ನೇ ಹಿಡಿದುಕೊಂಡು ಎಳೆಯುತ್ತದೆ. ಇನ್ನು ಗಿಡ್ಡ ಸೈಡ್‌ವಾಲ್. 165/80ರಲ್ಲಿ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ 132 ಮಿ.ಮೀ. ಮೆತ್ತನೆ ಜಾಗ ಇತ್ತು, 195/55ರಲ್ಲಿ 107 ಮಾತ್ರ. ಗುಂಡಿಗೆ ಬಿದ್ದಾಗ ರಬ್ಬರು ರಿಮ್ಮಿನ ಅಂಚಿಗೂ ರಸ್ತೆಗೂ ನಡುವೆ ಸಿಕ್ಕಿ ಒಳಗಿನ ದಾರ ಹರಿಯುತ್ತದೆ. ಮಾರನೇ ದಿನ ಪಕ್ಕದಲ್ಲಿ ಬೋರೆಹಣ್ಣಿನಷ್ಟು ಗಂಟು ಏಳುತ್ತದೆ. ಅಂಥ ಟೈರನ್ನು ರಿಪೇರಿ ಮಾಡಲು ಬರುವುದಿಲ್ಲ, ಬಿಸಾಡಬೇಕು.

ಇದಕ್ಕೆಲ್ಲ ಪ್ರತಿಯಾಗಿ ಸಿಗುವುದು ತಿರುವಿನಲ್ಲಿ ಕಾರು ಕಡಿಮೆ ತೂಗಾಡುವುದು, ಒಣ ರಸ್ತೆಯಲ್ಲಿ ಹಿಡಿತ, ಸ್ಟೀರಿಂಗ್ ತಿರುಗಿಸಿದ ತಕ್ಷಣ ಸ್ಪಂದಿಸುವ ಚುರುಕು. ಸುಳ್ಳಲ್ಲ, ಅದು ಹಿತವಾಗಿರುತ್ತದೆ. ಆದರೆ 14ರಿಂದ 15ಕ್ಕೆ ಹೋದಾಗ ಸಿಗುವ ಲಾಭದಷ್ಟು 15ರಿಂದ 16ಕ್ಕೆ ಹೋದಾಗ ಸಿಗುವುದಿಲ್ಲ, ನಷ್ಟ ಮಾತ್ರ ಏರುತ್ತಾ ಹೋಗುತ್ತದೆ. ಚಿಕ್ಕ ಕಾರಿಗೆ ಒಂದು ಇಂಚು ಸಾಕು ಅನ್ನುವುದು ನನ್ನ ಅಭಿಪ್ರಾಯ.

ಹೆಜ್ಜೆ 8: ಹಾಕಿಸುವ ದಿನ

ಟೈರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2324 ಅಂತಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕೂ ಟೈರಿನ ಅಂಕಿ ನೋಡಿ. ಒಂದೇ ಪಕ್ಕದಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕ ತಿರುಗಿಸಿ.

ಬಾಣದ ಗುರುತಿದ್ದರೆ ಅದು ಮುಂದಕ್ಕೆ ಉರುಳುವ ದಿಕ್ಕು. ಹೊರಗೆ, ಒಳಗೆ ಅಂತ ಬರೆದಿದ್ದರೆ ಹಾಗೇ ಹಾಕಬೇಕು. ಅವಸರದಲ್ಲಿ ಒಂದು ಉಲ್ಟಾ ಹಾಕಿಬಿಡುತ್ತಾರೆ, ಪಕ್ಕದಲ್ಲೇ ನಿಂತಿರಿ. ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮೂರನ್ನೂ ಮಾಡಿಸಿ. ನಟ್ಟುಗಳನ್ನು ಗಾಳಿ ಗನ್ನಿನಿಂದ ಕಿರುಚಿಸಿ ಬಿಗಿ ಮಾಡಲು ಬಿಡಬೇಡಿ. ಎದುರುಬದುರಾಗಿ ಬಿಗಿ ಮಾಡುತ್ತಾ ಬಂದು, ಕೊನೆಗೆ ಕಾರಿನ ಪುಸ್ತಕದಲ್ಲಿರುವ ಅಳತೆಗೆ ಟಾರ್ಕ್ ಸ್ಪ್ಯಾನರಿನಿಂದ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್) ಮುಗಿಸಬೇಕು.

ಎರಡೇ ಟೈರ್ ಬದಲಾಯಿಸಿ ಮುಂದೊಂದು ಸೈಜು, ಹಿಂದೊಂದು ಸೈಜು ಮಾಡಬೇಡಿ. ಎಬಿಎಸ್ ಪ್ರತಿ ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ನೋಡಿಕೊಂಡೇ ಕೆಲಸ ಮಾಡುವುದು. ಒಂದು ಜೋಡಿ ಸದಾ ಬೇಗ ತಿರುಗುತ್ತಿದ್ದರೆ ಅದಕ್ಕೆ ಗೊಂದಲ. ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಕಾರಾದರೆ ಗೇರ್ ಪೆಟ್ಟಿಗೆಗೇ ಪೆಟ್ಟು. ಗಾಳಿ ಕಡಿಮೆ ಆದರೆ ಎಚ್ಚರಿಸುವ ದೀಪ ಇದ್ದರೆ ಹೊಸ ಟೈರ್ ಹಾಕಿದ ಮೇಲೆ ಅದನ್ನು ರೀಸೆಟ್ ಮಾಡಬೇಕು.

ಸ್ಟೆಪ್ನಿಯನ್ನು ಮರೆಯುವವರೇ ಜಾಸ್ತಿ. ಹೊಸ ವ್ಯಾಸ ಹಳೆಯದಕ್ಕೆ ಶೇ. 1ರ ಒಳಗೆ ಇದ್ದರೆ ಹಳೇ ಸ್ಟೆಪ್ನಿ ಪಂಕ್ಚರ್ ಅಂಗಡಿ ತಲುಪುವವರೆಗೆ ನಿಧಾನವಾಗಿ ಓಡಿಸೋಕೆ ಆಗುತ್ತದೆ. ಹಳೇ ರಿಮ್ಮಿನ ನಟ್ಟುಗಳು ಬೇರೆ ಆಗಿದ್ದರೆ ಒಂದು ಸೆಟ್ ಡಿಕ್ಕಿಯಲ್ಲೇ ಇಟ್ಟಿರಿ. ರಾತ್ರಿ ರಸ್ತೆ ಬದಿಯಲ್ಲಿ ಇದು ನೆನಪಾದರೆ ಪ್ರಯೋಜನ ಇಲ್ಲ. ವಿಮೆಯವರಿಗೂ ಬದಲಾವಣೆ ತಿಳಿಸಿ, ನಿಮ್ಮಲ್ಲಿನ ಸಾರಿಗೆ ನಿಯಮ ಏನು ಹೇಳುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ದೇಶದಿಂದ ದೇಶಕ್ಕೆ ಅದು ಬೇರೆ ಬೇರೆ.

ಹೆಜ್ಜೆ 9: ಗಾಳಿ ಎಷ್ಟು?

ಭಾರದ ಅಂಕಿ ಸಮ ಅಥವಾ ಜಾಸ್ತಿ ಇರುವ ಸಾಮಾನ್ಯ ಟೈರಾದರೆ ಬಾಗಿಲ ಸ್ಟಿಕರಿನಲ್ಲಿರುವ ಪ್ರೆಷರಿನಿಂದಲೇ ಶುರು ಮಾಡಿ. ಬೆಳಿಗ್ಗೆ, ಟೈರು ತಣ್ಣಗಿರುವಾಗ. ಟೈರಿನ ಮೇಲೆ ಬರೆದಿರುವ ಅತಿ ಹೆಚ್ಚಿನ ಪ್ರೆಷರ್ ತುಂಬಿಸುವ ಅಭ್ಯಾಸ ಕೆಲವರಿಗಿದೆ. ಅದು ಗರಿಷ್ಠ ಮಿತಿ, ಸಲಹೆ ಅಲ್ಲ.

ಎಕ್ಸ್‌ಎಲ್ ಟೈರಿನ ತಕರಾರು ಹೇಳುತ್ತೇನೆ ಅಂದಿದ್ದೆ. ಸಾಮಾನ್ಯ ಟೈರು ತನ್ನ ಪೂರ್ತಿ ಭಾರ ಹೊರುವುದು 2.5 ಬಾರ್, ಅಂದರೆ ಸುಮಾರು 36 ಪಿಎಸ್‌ಐ ಗಾಳಿಯಲ್ಲಿ. ಎಕ್ಸ್‌ಎಲ್ ತನ್ನ ಪೂರ್ತಿ ಭಾರ ಹೊರಲು 2.9 ಬಾರ್, ಸುಮಾರು 42 ಪಿಎಸ್‌ಐ ಬೇಕು. ಹಾಗಾಗಿ 88 ಅಂತ ಬರೆದ ಎಕ್ಸ್‌ಎಲ್ ಟೈರಿಗೆ ಹಳೇ ಪ್ರೆಷರನ್ನೇ ಹಾಕಿದರೆ ಅದು 88ರ ಭಾರ ಹೊರುವುದಿಲ್ಲ. ಅಂಥ ಟೈರಿಗೆ ಯಾವ ಭಾರಕ್ಕೆ ಎಷ್ಟು ಗಾಳಿ ಅನ್ನುವ ಪಟ್ಟಿಯನ್ನು ಟೈರ್ ಕಂಪನಿಯಿಂದ ಕೇಳಿ ಪಡೆಯಿರಿ.

ಚಾಕ್‌ಪೀಸ್ ಈಗ ತೆಗೆಯಿರಿ. ಟ್ರೆಡ್ಡಿನ ಮೇಲೆ ಅಡ್ಡಕ್ಕೆ ಒಂದು ದಪ್ಪ ಗೆರೆ ಎಳೆದು, ಸಮತಟ್ಟಾದ ಜಾಗದಲ್ಲಿ ನೇರವಾಗಿ ಸ್ವಲ್ಪ ದೂರ ಓಡಿಸಿ ಇಳಿದು ನೋಡಿ. ಗೆರೆ ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ ಇರಬಹುದು, ಎರಡೂ ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ. ಕಿರಿದಾದ ರಿಮ್ಮಿಗೆ ಅಗಲದ ಟೈರ್ ಹಾಕಿದಾಗ ನಡು ಉಬ್ಬಿಕೊಂಡಿರುವುದು ಈ ಗೆರೆಯಲ್ಲೇ ಗೊತ್ತಾಗುತ್ತದೆ. ಅಂದಾಜಿಗೆ ಇದು ಒಳ್ಳೆಯದು, ಆದರೆ ಬರೀ ಗೆರೆ ನೋಡಿ ಸ್ಟಿಕರಿನ ಪ್ರೆಷರಿಗಿಂತ ಕೆಳಗಿಳಿಯಬೇಡಿ.

ಮೊದಲ ಕೆಲವು ದಿನ

ಟೈರಿನ ಹೊರ ಅಂಚಿಗೂ ಒಳ ಅಂಚಿಗೂ ಸುತ್ತಲೂ ಚಾಕ್ ಬಳಿಯಿರಿ. ಕಾರು ತುಂಬ ಜನ ಕೂರಿಸಿಕೊಂಡು ಹಂಪು, ತಿರುವು, ರಿವರ್ಸ್ ಎಲ್ಲಾ ಮಾಡಿ ಬನ್ನಿ. ಬಂದು ಟಾರ್ಚ್ ಹಿಡಿದು ನೋಡಿ. ಒಂದೇ ಕಡೆ ಪಟ್ಟಿಯಾಗಿ ಅಳಿಸಿಹೋಗಿದ್ದರೆ ಅಲ್ಲಿ ತಾಗುತ್ತಿದೆ, ಮಡ್‌ಗಾರ್ಡಿನ ಒಳಗೆ ಬಿಳಿ ಬಣ್ಣ ಹತ್ತಿರುವ ಜಾಗವೂ ಸಿಗುತ್ತದೆ. ಸದ್ದು ಕೇಳಿಸುವ ಮುಂಚೆಯೇ ಚಾಕ್ ಹೇಳಿಬಿಡುತ್ತದೆ.

ಮೊದಲ 200–300 ಕಿ.ಮೀ. ಜೋರಾಗಿ ಬ್ರೇಕ್ ಹಿಡಿಯುವುದು, ತಿರುವಿನಲ್ಲಿ ನುಗ್ಗುವುದು ಬೇಡ, ಹೊಸ ರಬ್ಬರಿನ ಮೇಲಿನ ನುಣುಪು ಹೋಗಬೇಕು. 50ರಿಂದ 100 ಕಿ.ಮೀ. ಓಡಿಸಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ, ಹೊಸ ಅಲಾಯ್ ಆದರಂತೂ ತಪ್ಪದೆ. ಪಕ್ಕದಲ್ಲಿ ಕೂತವರ ಮೊಬೈಲಿನ ಜಿಪಿಎಸ್ ವೇಗವನ್ನು ಸ್ಪೀಡೋಮೀಟರಿನ ಜೊತೆ ಹೋಲಿಸಿ, ವ್ಯತ್ಯಾಸ ಬರೆದಿಟ್ಟುಕೊಳ್ಳಿ.

ಮೈಲೇಜ್ ಬಿತ್ತು ಅಂತ ಗಾಬರಿ ಆಗುವ ಮುಂಚೆ ಒಂದು ಲೆಕ್ಕ ಮಾಡಿ. ಟೈರ್ ಶೇ. 2 ದೊಡ್ಡದಾಗಿದ್ದರೆ ಓಡೋಮೀಟರ್ 500 ಕಿ.ಮೀ. ತೋರಿಸುವಾಗ ಕಾರು ಓಡಿರುವುದು 510. ಹೊಸ ವ್ಯಾಸವನ್ನು ಹಳೇ ವ್ಯಾಸದಿಂದ ಭಾಗಿಸಿ, ಬಂದದ್ದನ್ನು ಓಡೋಮೀಟರಿನ ಕಿಲೋಮೀಟರಿಗೆ ಗುಣಿಸಿ. ಆ ಸಂಖ್ಯೆಯನ್ನು ಹಾಕಿಸಿದ ಪೆಟ್ರೋಲಿನ ಲೀಟರಿನಿಂದ ಭಾಗಿಸಿದರೆ ಸಿಗುವುದು ನಿಮ್ಮ ಕಾರಿನ ನಿಜವಾದ ಮೈಲೇಜ್.